ಅಣ್ಣನ ಮಾತ್ರೆ, ತಮ್ಮನ ಕಾಲುರಿ

"ಡಾಕ್ಟ್ರೆ, ಅಣ್ಣಂಗೆ ನಾಕೇ ದಿನಕ್ಕೆ ಕಮ್ಮಿ ಆತು, ಯಂಗೆ ಎಂತಕ್ಕೆ ಆಜಿಲ್ಲೆ?" ಶಿರಸಿಯಲ್ಲಿ ಕಾಲುರಿ ಎಂದು ನನ್ನ ಬಳಿ ಬರುವ ಶುಗರ್ ರೋಗಿಗಳು, ತಮಗೇಕೆ ಕಮ್ಮಿಯಾಗಿಲ್ಲವೆಂದು ಹೀಗೆ ಕೇಳುತ್ತಲೇ ಇರುತ್ತಾರೆ. ಕೇಳುವುದಕ್ಕೆ ಬೇಸರವಿಲ್ಲ. ಅಣ್ಣನ ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆ ಕತ್ತರಿಸಿಕೊಂಡು ನುಂಗಿ ಬರುತ್ತಾರಲ್ಲ, ಅದನ್ನು ಸಹಿಸಲಾಗುವುದಿಲ್ಲ.

ಪಾದದ ಉರಿ, ಜುಮ್ಮು, ರಾತ್ರಿ ಹೊದಿಕೆ ತಾಗಿದರೂ ಚುಚ್ಚುವುದು ಎಲ್ಲ ಶುಗರ್‌ನಿಂದ ಸೋತ ನರದ ನೋವು. ಇದಕ್ಕೆ ಹೆಚ್ಚಾಗಿ ಕೊಡುವುದು ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್. ಮೊದಲ ಮೂರರಲ್ಲಿ ಯಾವುದರಿಂದ ಶುರು ಮಾಡಿದರೂ ಸರಾಸರಿಯಲ್ಲಿ ಫಲ ಒಂದೇ ಎಂದು 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ತೋರಿಸಿತು. ಒಂದು ಸಾಲದವರಿಗೆ ಎರಡನೆಯದನ್ನು ಸೇರಿಸಿದಾಗ ನೋವು ಇನ್ನಷ್ಟು ಇಳಿಯಿತು. ಆದರೆ ಸರಾಸರಿ ಎನ್ನುವ ಮನುಷ್ಯ ನನ್ನ ಎದುರಿನ ಕುರ್ಚಿಯಲ್ಲಿ ಕೂರುವುದಿಲ್ಲ. ಒಬ್ಬರಿಗೆ ಉರಿ ಅರ್ಧಕ್ಕಿಳಿದರೆ, ಅದೇ ಮಾತ್ರೆ ಪಕ್ಕದ ಮನೆಯವರಿಗೆ ಏನೂ ಮಾಡದೆ ಹೋಗಬಹುದು. ಯಾರಿಗೆ ಯಾವುದು ಹಿಡಿಯುತ್ತದೆಂದು ಮೊದಲೇ ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ.

ಯಾಕೆ ಹೀಗೆ? ಮಾತ್ರೆ ಮೈಯಿಂದ ಹೊರಹೋಗುವ ದಾರಿ ಒಬ್ಬೊಬ್ಬರಲ್ಲಿ ಒಂದೊಂದು ವೇಗದ್ದು. ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಬಹುತೇಕ ಮೂತ್ರಪಿಂಡದ ಮೂಲಕವೇ ಹೋಗುತ್ತವೆ. ಶುಗರ್‌ನಿಂದ ಕಿಡ್ನಿ ಸೋತವರಲ್ಲಿ ಅವು ರಕ್ತದಲ್ಲೇ ಉಳಿದು ಜಮೆಯಾಗುತ್ತವೆ. ಸಿದ್ದಾಪುರ ಕಡೆಯ ಹಿರಿಯರೊಬ್ಬರು ತಮ್ಮನ ಡೋಸನ್ನೇ ತಾವೂ ತೆಗೆದುಕೊಂಡು, ರಾತ್ರಿ ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಬಿದ್ದು ಸೊಂಟ ಮುರಿದುಕೊಂಡರು. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಅವರಲ್ಲಿ ಮೊದಲೇ ಏರಿತ್ತು. ತಮ್ಮನ ಕಿಡ್ನಿ ಗಟ್ಟಿಯಾಗಿತ್ತು, ಅಷ್ಟೇ ವ್ಯತ್ಯಾಸ. ಆ ಮನೆಯವರ ಮುಖ ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್ ಕರಗುವುದು ಯಕೃತ್ತಿನಲ್ಲಿ. ಮಾತ್ರೆಯನ್ನು ಒಡೆಯುವ ಅಲ್ಲಿನ ಕಿಣ್ವಗಳು ಕೆಲವರಲ್ಲಿ ಹುಟ್ಟಿನಿಂದಲೇ ನಿಧಾನ. ಬೀಡಿ ಸೇದುವವರ ರಕ್ತದಲ್ಲಿ ಡುಲಾಕ್ಸೆಟಿನ್ ಕಡಿಮೆ ಉಳಿಯುತ್ತದೆ. ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ, ಹೃದಯದ ಕಾಯಿಲೆ ಇದ್ದವರಿಗೆ ಅಮಿಟ್ರಿಪ್ಟಿಲಿನ್ ಬರೆಯಲು ನಾನು ಹಿಂಜರಿಯುತ್ತೇನೆ. ತದಡಿಯಿಂದ ಬೋಟಿಗೆ ಹೋಗುವವರಿಗೆ, ಅಡಿಕೆ ಮರ ಹತ್ತುವವರಿಗೆ ಮಂಪರು ತರುವ ಮಾತ್ರೆಯನ್ನು ಮೊದಲು ರಾತ್ರಿ ಹೊತ್ತು, ಸಣ್ಣ ಡೋಸಿನಲ್ಲಿ ಮಾತ್ರ ಕೊಟ್ಟು ನೋಡುತ್ತೇನೆ.

ಹಾಗಾಗಿ ನಾಲ್ಕು ದಿನಕ್ಕೆ ತೀರ್ಪು ಕೊಡಬೇಡಿ. ಡೋಸ್ ಮೆಲ್ಲಗೆ ಏರಿಸಿ, ತಾಳಿಕೊಳ್ಳುವಷ್ಟು ಡೋಸಿನಲ್ಲಿ ಕೆಲವು ವಾರ ನೋಡಬೇಕು. ಉರಿ ಪೂರ್ತಿ ಹೋಗುವುದು ಅಪರೂಪ. ಅರ್ಧ ಇಳಿದು ರಾತ್ರಿ ನಿದ್ದೆ ಬಂದರೆ ನನ್ನ ಲೆಕ್ಕದಲ್ಲಿ ಮದ್ದು ಹಿಡಿದಿದೆ. ಈ ಮಾತ್ರೆಗಳಿಂದ ಶುಗರ್ ಇಳಿಯುವುದಿಲ್ಲ, ನರವೂ ರಿಪೇರಿಯಾಗುವುದಿಲ್ಲ. ಬಹುಕಾಲ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ತೆಗೆದುಕೊಂಡವರಾದರೆ ರಕ್ತದಲ್ಲಿ ಬಿ12 ವಿಟಮಿನ್ ಒಮ್ಮೆ ಪರೀಕ್ಷಿಸಬೇಕು. ಅದರ ಕೊರತೆಯಿಂದಲೂ ಇಂಥದೇ ಜುಮ್ಮು ಬರುತ್ತದೆ.

ಮಾತ್ರೆ ತಾಗಲಿಲ್ಲವೆಂದು ತಟ್ಟನೆ ನಿಲ್ಲಿಸಲೂ ಬೇಡಿ, ಕೇಳಿಕೊಂಡು ಮೆಲ್ಲಗೆ ಇಳಿಸಿ. ಮುಂದಿನ ಸಲ ಬರುವಾಗ ಅಣ್ಣನ ಸ್ಟ್ರಿಪ್ ಮನೆಯಲ್ಲಿಟ್ಟು, ನಿಮ್ಮದೇ ಕ್ರಿಯಾಟಿನಿನ್ ರಿಪೋರ್ಟು, ಈಗ ನುಂಗುತ್ತಿರುವ ಎಲ್ಲ ಮಾತ್ರೆ, ನಾಟಿ ಮದ್ದಿದ್ದರೆ ಅದನ್ನೂ ತನ್ನಿ.