ಬೆಟ್ಟ ಯಾರ ಸುಪರ್ದಿನಲ್ಲಿದೆ? ಮೊದಲು ಅದನ್ನು ಕೇಳಿ

‘ಸ್ಕಂದಗಿರಿ ಟಿಕೆಟ್ ಖಾಲಿ, ಮಧುಗಿರಿ ಹತ್ತಿದರಾಯ್ತು’ ಎನ್ನುವವರಿಗೆ ಎರಡೂ ಬೆಟ್ಟವೇ. ಕಡತದಲ್ಲಿ ಹಾಗಲ್ಲ. ಊರವರು ಕಳವಾರ ಬೆಟ್ಟ ಎನ್ನುವ ಸ್ಕಂದಗಿರಿ ಅರಣ್ಯ ಇಲಾಖೆಯದು. ಮಧುಗಿರಿ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯದು. ದೇವರಾಯನದುರ್ಗದಲ್ಲಿ ಗೊಂದಲ ಇನ್ನೂ ಹೆಚ್ಚು. ಯೋಗಾನರಸಿಂಹನ ದರ್ಶನಕ್ಕೆ ರಸ್ತೆಯಲ್ಲಿ ಹೋಗುವವರಿಗೆ ಚಾರಣದ ಪರವಾನಗಿ ಬೇಕಿಲ್ಲ. ರಸ್ತೆ ಬಿಟ್ಟು ಕಾಡಿಗೆ ಇಳಿದರೆ ಲೆಕ್ಕವೇ ಬೇರೆ: ಮೀಸಲು ಅರಣ್ಯದ ಅತಿಕ್ರಮ ಪ್ರವೇಶ 1963ರ ಕರ್ನಾಟಕ ಅರಣ್ಯ ಕಾಯ್ದೆಯ 24ನೇ ಕಲಂ ಪ್ರಕಾರ ಅಪರಾಧ. ‘ದೇವಸ್ಥಾನಕ್ಕೆ ಬಂದಿದ್ವಿ ಸಾರ್’ ಎಂಬ ಸಮಜಾಯಿಷಿ ಮೆಟ್ಟಿಲು ದಾಟಿದ ಮೇಲೆ ನಿಲ್ಲುವುದಿಲ್ಲ.

ಅರಣ್ಯ ಇಲಾಖೆಯ ಚಾರಣಗಳಿಗೆ 2024ರ ಅಕ್ಟೋಬರ್‌ನಿಂದ ‘ಅರಣ್ಯ ವಿಹಾರ’ ಜಾಲತಾಣದಲ್ಲೇ ಬುಕಿಂಗ್. ಆಗ ಮಾಡಿದ ನಿಯಮದಂತೆ ಒಂದು ಚಾರಣಪಥಕ್ಕೆ ದಿನಕ್ಕೆ 300 ಜನರ ಮಿತಿ, ಒಂದು ಮೊಬೈಲ್ ಸಂಖ್ಯೆಗೆ 10 ಟಿಕೆಟ್. ಹಾಗಾಗಿ ಹದಿನೈದು ಜನರ ಗುಂಪಿಗೆ ಎರಡು ಮೊಬೈಲ್ ಬೇಕು, ಇಬ್ಬರೂ ಒಟ್ಟಿಗೇ ಕೂತು ಮಾಡಬೇಕು. ಒಬ್ಬರು ಮುಗಿಸಿ ಇನ್ನೊಬ್ಬರಿಗೆ ಹೇಳುವಷ್ಟರಲ್ಲಿ ಭಾನುವಾರದ ಸೀಟು ಮುಗಿದಿರುತ್ತದೆ.

ಹೆಸರನ್ನು ಗುರುತಿನ ಚೀಟಿಯಲ್ಲಿ ಇದ್ದ ಹಾಗೆಯೇ ಹಾಕಿ. ಆಧಾರ್‌ನಲ್ಲಿ ‘ನಾಗರಾಜ ಟಿ.ಎನ್.’ ಎಂದಿದ್ದು, ಟಿಕೆಟ್‌ನಲ್ಲಿ ‘ನಾಗು’ ಎಂದಿದ್ದರೆ ಬೆಳಗಿನ ಜಾವ ಗೇಟಿನಲ್ಲಿ ವಾದಕ್ಕೆ ನಿಲ್ಲಬೇಕಾದೀತು. ಅದೇ ಚೀಟಿ ಜೇಬಿನಲ್ಲೂ ಇರಲಿ. ಕೊನೇ ಗಳಿಗೆಯಲ್ಲಿ ಬಾರದವರ ಜಾಗಕ್ಕೆ ಇನ್ನೊಬ್ಬರನ್ನು ತುಂಬಿಸಿಕೊಂಡು ಹೋಗುವುದೇ ನಿಜವಾದ ತಲೆನೋವು. ದುಡ್ಡು ಕಟ್ಟಾಗಿ ಟಿಕೆಟ್ ಬರದಿದ್ದರೆ ತಕ್ಷಣ ಮತ್ತೆ ಪಾವತಿಸಬೇಡಿ. ಮೊದಲು ನಿಮ್ಮ ಖಾತೆಯ ಬುಕಿಂಗ್ ಪಟ್ಟಿ ನೋಡಿ. ಟಿಕೆಟ್ಟನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ. ಸ್ಕಂದಗಿರಿಯ ಬುಡದ ಪಾಪಾಗ್ನಿ ಮಠದ ಬಳಿ ನೆಟ್‌ವರ್ಕ್ ನಂಬಿ ನಿಲ್ಲುವುದು ಬೇಡ.

ವನ್ಯಜೀವಿಧಾಮಗಳ ದಾರಿ ಬೇರೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಚಿಂಕಾರಾ ಧಾಮ, ಕೋಲಾರ ಜಿಲ್ಲೆಯ ಕಾಮಸಂದ್ರ ಧಾಮಗಳಿಗೆ ಪ್ರವೇಶ ನಿರ್ಬಂಧಿಸುವ 1972ರ ವನ್ಯಜೀವಿ ಕಾಯ್ದೆಯ 27ನೇ ಕಲಂ ಅನ್ವಯ. ಛಾಯಾಗ್ರಹಣ, ಅಧ್ಯಯನ, ಪ್ರವಾಸಕ್ಕೆ 28ನೇ ಕಲಂ ಅಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅರ್ಜಿಯಲ್ಲಿ ಉದ್ದೇಶ, ದಿನಾಂಕ, ವಾಹನ ಸಂಖ್ಯೆ, ಕ್ಯಾಮೆರಾ ವಿವರ ಸ್ಪಷ್ಟವಾಗಿರಲಿ. ‘ಕಾಡು ನೋಡಲು’ ಎಂದಷ್ಟೇ ಬರೆದರೆ ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಡ್ರೋನ್ ಇದ್ದರೆ ಅದನ್ನೂ ಬರೆಯಿರಿ. ಚಾರಣದ ಟಿಕೆಟ್‌ನಲ್ಲಿ ಅದು ಸೇರಿಲ್ಲ.

ಬೇಸಿಗೆಯಲ್ಲಿ ಬಾದೆಹುಲ್ಲು ಒಣಗಿ ನಿಂತಾಗ ಒಂದು ಬೀಡಿಯ ಕಿಡಿ ಇಡೀ ಗುಡ್ಡಕ್ಕೆ ಸಾಕು. ಕಾಳ್ಗಿಚ್ಚಿನ ಭಯವಿದ್ದಾಗ ಇಲಾಖೆ ಚಾರಣ ನಿಲ್ಲಿಸುವುದೂ ಉಂಟು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊರಡುವವರು ಹಿಂದಿನ ಸಂಜೆ ವಲಯ ಅರಣ್ಯ ಕಚೇರಿಗೆ ಫೋನ್ ಮಾಡಿ, ದಾರಿ ತೆರೆದಿದೆಯೇ ಎಂದು ಕೇಳಿಕೊಂಡೇ ಗಾಡಿ ಹತ್ತಿ.