ಆರು ತಿಂಗಳಾದ ಮೇಲೆ ಕಾಣುವ ಹಾನಿ: ಲೇಟ್ ಎಫೆಕ್ಟ್ ಓದುವವರಿಗೆ ನನ್ನ ಟಿಪ್ಪಣಿ

ಕೋಲಾರದಲ್ಲಿ ನನ್ನ ಜೊತೆ ರೇಡಿಯೋಥೆರಪಿ ಓದುತ್ತಿರುವವರಿಗೆ ಇದು. ಗ್ರೇ (ವಿಕಿರಣದ ಡೋಸ್ ಅಳೆಯುವ ಮಾನ) ಅಂದರೇನು, ಡಿಎನ್‌ಎ ಹೇಗೆ ಮುರಿಯುತ್ತದೆ, ಇದೆಲ್ಲ ನಿಮಗೆ ಗೊತ್ತಿರುತ್ತದೆ, ಬಿಟ್ಟುಬಿಡುತ್ತೇನೆ. ಆರೋಗ್ಯವಾಗಿರುವ ಅಂಗಕ್ಕೆ ತಿಂಗಳುಗಟ್ಟಲೆ ಕಳೆದ ಮೇಲೆ ಆಗುವ ಹಾನಿ ಮಾತ್ರ ಇಲ್ಲಿದೆ.

ಮೊದಲು ಗೆರೆಯ ಆಚೆಗಿನ ಸಂಖ್ಯೆ ನೋಡಿ

ಇಲಿ ಪ್ರಯೋಗಗಳಲ್ಲಿ ಎಲ್‌ಡಿ50/30, ಎಲ್‌ಡಿ50/180 ಅಂತ ಬರೆದಿರುತ್ತಾರೆ. 50 ಅಂದರೆ ಅರ್ಧದಷ್ಟು ಪ್ರಾಣಿಗಳು ಸಾಯುವ ಡೋಸ್. ಗೆರೆಯ ಆಚೆಗಿನದು ಎಷ್ಟು ದಿನ ಕಾದು ನೋಡಿದರು ಅನ್ನೋದು. ನನಗಂತೂ ಇದೇ ದೊಡ್ಡ ಶಾರ್ಟ್‌ಕಟ್. 30 ಇದ್ದರೆ ಮೂಳೆಮಜ್ಜೆಯ ಮಾತು. 180 ಇದ್ದರೆ ಹೆಚ್ಚಾಗಿ ಶ್ವಾಸಕೋಶ. ಎದೆಗೆ ಮಾತ್ರ ವಿಕಿರಣ ಕೊಟ್ಟ ಇಲಿ 30ನೇ ದಿನ ಆರಾಮಾಗಿ ಓಡಾಡಿಕೊಂಡಿರುತ್ತದೆ, ಅಲ್ಲಿಗೇ ಪ್ರಯೋಗ ನಿಲ್ಲಿಸಿದರೆ "ಏನೂ ಆಗಿಲ್ಲ" ಅಂತ ಬರೆದುಬಿಡಬಹುದು. ಮೂರು ತಿಂಗಳಿನಿಂದ ಆರು ತಿಂಗಳೊಳಗೆ ಅದಕ್ಕೆ ನ್ಯುಮೋನೈಟಿಸ್ (ಶ್ವಾಸಕೋಶದ ಉರಿಯೂತ) ಬರುತ್ತದೆ, ಅದನ್ನು ದಾಟಿದರೆ ಫೈಬ್ರೋಸಿಸ್, ಅಂದರೆ ಅಂಗ ಕಲೆಗಟ್ಟಿ ಗಟ್ಟಿಯಾಗೋದು. ಅಳೆಯುವ ರೀತಿ ಕೂಡ ಸರಳ: ಇಲಿಯನ್ನು ಗಾಳಿಯಾಡದ ಚಿಕ್ಕ ಡಬ್ಬಿಯಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಅದು ಉಸಿರಾಡಿದಾಗ ಒಳಗಿನ ಒತ್ತಡ ಏರಿಳಿಯುವುದನ್ನು ದಾಖಲಿಸಿ, ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸುತ್ತಾರೆ. ಶ್ವಾಸಕೋಶ ಕೆಟ್ಟಂತೆ ಆ ಎಣಿಕೆ ಜಾಸ್ತಿಯಾಗುತ್ತದೆ.

ತಡ ಯಾಕೆ?

ವಿಕಿರಣ ಬಿದ್ದ ಕೂಡಲೇ ಬಹುತೇಕ ಜೀವಕೋಶಗಳು ಸಾಯುವುದಿಲ್ಲ. ವಿಭಜನೆ ಆಗಲು ಹೋದಾಗ ಸಾಯುತ್ತವೆ. ನಮ್ಮ ಕಡೆ ಬೋರ್‌ವೆಲ್ ಮೋಟರ್ ಸುಟ್ಟರೆ ಏನಾಗುತ್ತದೆ? ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದೆ, ಟ್ಯಾಂಕ್ ಖಾಲಿಯಾದಾಗಲೇ ಗೊತ್ತಾಗೋದು. ಹೊಸ ಕೋಶ ಹುಟ್ಟಿಸುವ ಕರುಳಿನ ಕಾಂಡಕೋಶಗಳು ಮೋಟರ್, ಒಳಪದರದ ಕೋಶಗಳು ಟ್ಯಾಂಕಿನ ನೀರು. ಇಲಿಯ ಕರುಳಿನಲ್ಲಿ ಆ ನೀರು ಕೆಲವೇ ದಿನಕ್ಕೆ ಮುಗಿಯುತ್ತದೆ. ಅದಕ್ಕೇ ಕರುಳಿನ ಹಾನಿ ಬೇಗ ಕಾಣುತ್ತದೆ. ಡೋಸ್ ಏರಿಸಿದರೂ ಟ್ಯಾಂಕ್ ಖಾಲಿಯಾಗುವ ವೇಗ ಅಷ್ಟೇ, ಹಾಗಾಗಿ ಹಾನಿ ಕಾಣಿಸುವ ದಿನ ಹೆಚ್ಚೇನೂ ಬದಲಾಗುವುದಿಲ್ಲ.

ಆದರೆ ಕಿಡ್ನಿ, ಲಿವರ್, ಶ್ವಾಸಕೋಶದಲ್ಲಿ ಮೋಟರ್ ಬೇರೆ, ಟ್ಯಾಂಕ್ ಬೇರೆ ಅಂತ ಇಲ್ಲ. ಕೆಲಸ ಮಾಡುವ ಕೋಶವೇ ಬೇಕಾದಾಗ ವಿಭಜನೆಯನ್ನೂ ಮಾಡುತ್ತದೆ. ಕೆಲವು ಕೋಶ ಸತ್ತರೆ ಪಕ್ಕದವು ಜಾಗ ತುಂಬಲು ವಿಭಜನೆಗೆ ಇಳಿಯುತ್ತವೆ, ಅವಕ್ಕೂ ಪೆಟ್ಟು ಬಿದ್ದಿರುತ್ತದಲ್ಲ, ಅವೂ ಸಾಯುತ್ತವೆ. ಅದಕ್ಕೇ ಇಲ್ಲಿ ಡೋಸ್ ಜಾಸ್ತಿಯಾದಷ್ಟೂ ಹಾನಿ ಬೇಗ ಬರುತ್ತದೆ. ಪರೀಕ್ಷೆಯಲ್ಲಿ ಕೇಳಿದರೆ ಈ ಎರಡು ಗುಂಪನ್ನು ಬೇರೆ ಮಾಡಿಯೇ ಬರೆಯಿರಿ.

ಇದರ ಜೊತೆಗೆ ಸಣ್ಣ ರಕ್ತನಾಳಗಳ ಒಳಪದರ ಕೆಡೋದು, ಟಿಜಿಎಫ್-ಬೀಟಾ (ಕೋಶಗಳಿಗೆ ಸಂಕೇತ ಕೊಡುವ ಪ್ರೋಟೀನ್) ಏರಿ ಕೊಲಾಜನ್ ಅನ್ನೋ ನಾರಿನ ಪ್ರೋಟೀನ್ ಕೂಡೋದು ಇವೂ ಇವೆ. ಅದು ಪುಸ್ತಕದಲ್ಲೇ ಚೆನ್ನಾಗಿದೆ.

ಒಟ್ಟು 60 ಗ್ರೇ ಒಂದೇ, ಹಾನಿ ಯಾಕೆ ಬೇರೆ?

ತಲೆ ಕೆಡೋದು ಇಲ್ಲೇ. ನಿಧಾನಕ್ಕೆ ಹೇಳುತ್ತೇನೆ.

30 ಸಲ 2 ಗ್ರೇ ಕೊಟ್ಟರೂ 60, 20 ಸಲ 3 ಗ್ರೇ ಕೊಟ್ಟರೂ 60. ಆದರೆ ಎರಡನೆಯದು ತಡವಾಗಿ ಕೆಡುವ ಅಂಗಗಳಿಗೆ ಜಾಸ್ತಿ ಪೆಟ್ಟು. ಒಂದು ಸಲದ ಡೋಸ್‌ನಿಂದ ಆಗುವ ಹಾನಿಯಲ್ಲಿ ಎರಡು ಪಾಲು: ಒಂದು ಡೋಸ್‌ಗೆ ತಕ್ಕಂತೆ ಏರುತ್ತದೆ, ಇದು ಆಲ್ಫಾ ಪಾಲು. ಇನ್ನೊಂದು ಡೋಸ್‌ನ ವರ್ಗಕ್ಕೆ (ಡೋಸ್ × ಡೋಸ್) ತಕ್ಕಂತೆ ಏರುತ್ತದೆ, ಇದು ಬೀಟಾ ಪಾಲು. ಎರಡೂ ಪಾಲು ಸಮ ಆಗುವ ಡೋಸ್ ಯಾವುದೋ ಅದೇ ಆಲ್ಫಾ-ಬೀಟಾ ಅನುಪಾತ. ತಡವಾಗಿ ಕೆಡುವ ಅಂಗಗಳಿಗೆ ಅದು ಸುಮಾರು 3 ಗ್ರೇ, ಬೇಗ ಕೆಡುವವಕ್ಕೆ ಮತ್ತು ಬಹಳಷ್ಟು ಗಡ್ಡೆಗಳಿಗೆ ಸುಮಾರು 10.

ಈಗ ಬಿಇಡಿ, ಅಂದರೆ ಡೋಸ್ ಜೀವಕೋಶಗಳ ಮೇಲೆ ನಿಜಕ್ಕೂ ಎಷ್ಟು ಪರಿಣಾಮ ಮಾಡುತ್ತದೆ ಅನ್ನೋ ಲೆಕ್ಕ (ಮೇಷ್ಟ್ರಾಗೋಕೆ ಓದೋ ಬಿ.ಇಡಿ ಅಲ್ಲ):

ಬಿಇಡಿ = ಒಟ್ಟು ಡೋಸ್ × (1 + ಒಂದು ಸಲದ ಡೋಸ್ ÷ ಅನುಪಾತ)

ಅನುಪಾತ 10 ಹಾಕಿ. 2 ಗ್ರೇಗೆ 60 × 1.2 = 72. 3 ಗ್ರೇಗೆ 60 × 1.3 = 78. ಏರಿದ್ದು ಬರೀ 6.

ಅನುಪಾತ 3 ಹಾಕಿ. 2 ಗ್ರೇಗೆ 60 × 5/3 = 100. 3 ಗ್ರೇಗೆ 60 × 2 = 120. ಏರಿದ್ದು 20.

ಆ "× 2" ಎಲ್ಲಿಂದ ಬಂತು ನೋಡಿ. ಒಂದು ಸಲದ ಡೋಸ್ ಸರಿಯಾಗಿ 3 ಆದಾಗ ಆಲ್ಫಾ ಪಾಲು 60, ಬೀಟಾ ಪಾಲೂ 60. ಅನುಪಾತ ಚಿಕ್ಕದಾದಷ್ಟೂ ಆ ವರ್ಗದ ಪಾಲು ಬೇಗ ಮೇಲೇಳುತ್ತದೆ, ಅಷ್ಟೇ ಗುಟ್ಟು. ಸೂತ್ರ ಉರು ಹೊಡೆಯುವ ಬದಲು ಈ ನಾಲ್ಕು ಸಂಖ್ಯೆ ಒಮ್ಮೆ ಕೈಯಲ್ಲಿ ಬರೆದು ನೋಡಿ. ಮತ್ತೆ, ಉತ್ತರ ಬರೆಯುವಾಗ ಯಾವ ಅನುಪಾತ ಹಾಕಿದಿರಿ ಅಂತ ಪಕ್ಕದಲ್ಲಿ ಬರೆಯದಿದ್ದರೆ 78 ಮತ್ತು 120 ಎರಡೂ ಸರಿಯೇ, ಎರಡಕ್ಕೂ ಅರ್ಥವಿಲ್ಲ.

ಈ 3, 10 ಬಂದಿದ್ದೇ ಹೆಚ್ಚಾಗಿ ಪ್ರಾಣಿಗಳಿಂದ. ಒಂದೇ ಮಟ್ಟದ ಹಾನಿ ಆಗಲು ಎಷ್ಟು ಒಟ್ಟು ಡೋಸ್ ಬೇಕು ಅಂತ, ಒಂದು ಸಲದ ಡೋಸ್ ಬದಲಿಸುತ್ತಾ ಅಳೆದು, ಅಂಗಕ್ಕೊಂದು ಗೆರೆ ಎಳೆದರು. 1980ರ ದಶಕದ ಆರಂಭದಲ್ಲಿ ಥೇಮ್ಸ್, ವಿದರ್ಸ್ ಮತ್ತಿತರ ಸಂಶೋಧಕರು ಆ ಗೆರೆಗಳನ್ನೆಲ್ಲ ಒಂದೇ ಚಿತ್ರದಲ್ಲಿ ಇಟ್ಟಾಗ, ತಡವಾಗಿ ಕೆಡುವ ಅಂಗಗಳ ಗೆರೆಗಳು ಹೆಚ್ಚು ಕಡಿದಾಗಿದ್ದವು, ಅಂದರೆ ಒಂದು ಸಲದ ಡೋಸ್ ಬದಲಾದರೆ ಅವಕ್ಕೇ ಹೆಚ್ಚು ವ್ಯತ್ಯಾಸ.

ಉಳಿದ ಚೂರುಪಾರು

ಇಲಿಯ ತಳಿ ನೋಡದೆ ಫಲಿತಾಂಶ ನಂಬಬೇಡಿ. ಸಿ3ಎಚ್ ಇಲಿಗಳಿಗೆ ನ್ಯುಮೋನೈಟಿಸ್ ಮುಖ್ಯ, ಸಿ57ಬಿಎಲ್/6 ಇಲಿಗಳಿಗೆ ಫೈಬ್ರೋಸಿಸ್. ಅದೇ ಅಂಗ, ಅದೇ ವಿಕಿರಣ.

ಇನ್ನೊಮ್ಮೆ ವಿಕಿರಣ ಕೊಡಬಹುದಾ ಅನ್ನೋ ಪ್ರಶ್ನೆಗೆ "ಅಂಗದ ಮೇಲೆ ಹೋಗುತ್ತದೆ" ಅಂತ ಸುಮ್ನೆ ಬರೆದರೆ ಅಂಕ ಬರಲ್ಲ, ಎರಡು ಉದಾಹರಣೆ ಕೊಡಿ. ಒಂದು ಬೆನ್ನುಹುರಿ: ಹ್ಯೂಸ್ಟನ್‌ನ ಆಂಗ್ ಅವರ ತಂಡ ರೀಸಸ್ ಮಂಗಗಳಿಗೆ ಮೊದಲು 20 ಸಲದಲ್ಲಿ 44 ಗ್ರೇ ಕೊಟ್ಟು, 1, 2 ಅಥವಾ 3 ವರ್ಷ ಬಿಟ್ಟು ಮತ್ತೆ ಕೊಟ್ಟಿತು. 2001ರಲ್ಲಿ ಪ್ರಕಟವಾದ ಆ ಕೆಲಸದ ಪ್ರಕಾರ, ಹೊರಗೆ ಕಾಣದ ಮೊದಲ ಹಾನಿಯ ಬಹುಪಾಲು ಅಷ್ಟರಲ್ಲಿ ಸರಿಹೋಗಿತ್ತು. ಇನ್ನೊಂದು ಇಲಿಯ ಕಿಡ್ನಿ. ಅಲ್ಲಿ ಕಾದಷ್ಟೂ ತಡೆಯುವ ಶಕ್ತಿ ವಾಪಸ್ ಬರುವುದಿಲ್ಲ, ಬದಲಿಗೆ ಕಡಿಮೆಯಾಗುತ್ತದೆ, ಯಾಕೆಂದರೆ ಮೊದಲ ಸಲದ ಹಾನಿ ಆ ಅವಧಿಯಲ್ಲೂ ಒಳಗೊಳಗೇ ಬೆಳೆಯುತ್ತಿರುತ್ತದೆ.