ವಿದೇಶಿ ಗ್ರೋತ್ ಕಂಪನಿಗಳಿಗೆ ಆಕ್ಟಿವ್ ಫಂಡ್ ಬೇಕಾ, ಇಂಡೆಕ್ಸ್ ಸಾಕಾ?

ಪ್ರಶ್ನೆ: ಇಲ್ಲಿನ ಮ್ಯೂಚುವಲ್ ಫಂಡ್‌ಗಳಲ್ಲಿ ಎಸ್‌ಐಪಿ ನಡೆಯುತ್ತಿದೆ. ಜೊತೆಗೆ ಅಮೆಜಾನ್, ಎನ್ವಿಡಿಯಾ ತರಹ ವೇಗವಾಗಿ ಬೆಳೆಯುವ (ಗ್ರೋತ್) ವಿದೇಶಿ ಕಂಪನಿಗಳಲ್ಲೂ ಸ್ವಲ್ಪ ಹಣ ಇರಲಿ ಅಂತ ಆಸೆ. ಮ್ಯಾನೇಜರ್ ಒಬ್ಬರು ಆರಿಸಿ ಕೊಳ್ಳುವ ಆಕ್ಟಿವ್ ಫಂಡ್ ತೆಗೆದುಕೊಳ್ಳಲಾ, ಸೂಚ್ಯಂಕದಲ್ಲಿರುವ ಎಲ್ಲ ಕಂಪನಿಗಳನ್ನೂ ಹಾಗೇ ಕೊಳ್ಳುವ ಇಂಡೆಕ್ಸ್ ಫಂಡ್ ಸಾಕಾ?

ಹೆಚ್ಚಿನವರಿಗೆ ಇಂಡೆಕ್ಸೇ ಸಾಕು. ಆಕ್ಟಿವ್ ಬೇಕೇ ಬೇಕು ಅನ್ನುವವರು ಇಂಡೆಕ್ಸ್‌ನಲ್ಲಿ ಸಿಗದ್ದನ್ನು ಕೊಡುವ ಫಂಡ್ ಇದ್ದರೆ ಮಾತ್ರ ಹೋಗಿ. ಅದೂ ಬೆಲೆ ಅರ್ಧಕ್ಕೆ ಇಳಿದರೂ ತೆಗೆಯುವ ಅಗತ್ಯ ಬೀಳದಷ್ಟು ಹಣ ಮಾತ್ರ ಹಾಕಿ. ಇದು ನನ್ನ ಅಭಿಪ್ರಾಯ, ಕಾರಣ ಕೆಳಗಿದೆ.

ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಹೆಂಡ್ರಿಕ್ ಬೆಸೆಂಬೈಂಡರ್ ಎಂಬ ಪ್ರಾಧ್ಯಾಪಕರು 1926ರಿಂದ 2016ರವರೆಗೆ ಅಮೆರಿಕದ ಮಾರುಕಟ್ಟೆಯಲ್ಲಿ ಬಂದುಹೋದ ಸುಮಾರು 26,000 ಷೇರುಗಳ ಲೆಕ್ಕ ತೆಗೆದರು. ಸರ್ಕಾರಕ್ಕೆ ಅಲ್ಪಾವಧಿಗೆ ಕೊಡುವ ಸಾಲವಾದ ಟ್ರೆಜರಿ ಬಿಲ್‌ನಲ್ಲಿ ಇಟ್ಟಿದ್ದರೆ ಸಿಗುತ್ತಿದ್ದುದರ ಮೇಲೆ ಷೇರುಪೇಟೆ ಎಷ್ಟು ಸಂಪತ್ತು ಕೊಟ್ಟಿತೋ, ಅದಷ್ಟೂ ಬಂದದ್ದು ಶೇ 4ರಷ್ಟು ಕಂಪನಿಗಳಿಂದ. ಉಳಿದ ಶೇ 96 ಕಂಪನಿಗಳನ್ನು ಒಟ್ಟು ಸೇರಿಸಿದರೂ ಟ್ರೆಜರಿ ಬಿಲ್‌ನಷ್ಟೇ ಆಯಿತು. ಆಕ್ಟಿವ್ ಮ್ಯಾನೇಜರ್ ಇದೇ ಲೆಕ್ಕ ತೋರಿಸಿ 'ಆ ಶೇ 4 ಕಂಪನಿಗಳನ್ನು ನಾನು ಹುಡುಕಿ ಕೊಡುತ್ತೇನೆ' ಅನ್ನುತ್ತಾರೆ. ಇಂಡೆಕ್ಸ್ ಬೇಕೆನ್ನುವವರು 'ಎಲ್ಲವನ್ನೂ ಕೊಂಡರೆ ಆ ಶೇ 4 ಕಂಪನಿಗಳೂ ತಾನಾಗಿ ಬರುತ್ತವಲ್ಲ' ಅನ್ನುತ್ತಾರೆ. ಇಬ್ಬರ ಮಾತೂ ಸರಿಯೇ. ಆದರೆ ಹುಡುಕಿದರೆ ಸಾಲದು. ಸಿಕ್ಕಿದ್ದನ್ನು ವರ್ಷಗಟ್ಟಲೆ ಕೈಬಿಡದೆ ಹಿಡಿದುಕೊಳ್ಳಬೇಕು, ಹೆಚ್ಚಿನ ಫಂಡ್‌ಗಳು ಸೋಲುವುದು ಅಲ್ಲೇ.

ಹಿಡಿದುಕೊಂಡವರ ಒಂದು ಉದಾಹರಣೆ ಬ್ರಿಟನ್ನಿನ ಸ್ಕಾಟಿಷ್ ಮಾರ್ಟ್‌ಗೇಜ್ ಎಂಬ ಹೂಡಿಕೆ ಟ್ರಸ್ಟ್. 1909ರಲ್ಲಿ ಎಡಿನ್‌ಬರೋದಲ್ಲಿ ಶುರುವಾದಾಗ ಇದು ಮಲಯದ (ಈಗಿನ ಮಲೇಷ್ಯಾ) ರಬ್ಬರ್ ತೋಟದವರಿಗೆ ಅಡಮಾನದ ಮೇಲೆ ಸಾಲ ಕೊಡುತ್ತಿತ್ತು, ಆ ಹೆಸರು ಹಾಗೇ ಉಳಿದಿದೆ. ಈಗ ಬೈಲಿ ಗಿಫರ್ಡ್ ಎಂಬ ಸಂಸ್ಥೆ ನಡೆಸುತ್ತದೆ. 2000ದಿಂದ 2022ರವರೆಗೆ ಇದನ್ನು ನೋಡಿಕೊಂಡ ಜೇಮ್ಸ್ ಆಂಡರ್ಸನ್ ಅಮೆಜಾನ್ ಅನ್ನು ವರ್ಷಗಟ್ಟಲೆ ಇಟ್ಟುಕೊಂಡರು. 2013ರಲ್ಲಿ ಟೆಸ್ಲಾ ಕೊಂಡರು, ಆಗ ಆ ಕಂಪನಿ ಉಳಿಯುತ್ತದಾ ಅಂತಲೇ ಜನ ಕೇಳುತ್ತಿದ್ದರು. ಮಧ್ಯೆ ಎಷ್ಟೋ ಬಾರಿ ಬೆಲೆ ಕುಸಿದರೂ ಬಿಡಲಿಲ್ಲ. 2020 ಒಂದೇ ವರ್ಷದಲ್ಲಿ ಸ್ಕಾಟಿಷ್ ಮಾರ್ಟ್‌ಗೇಜ್ ಷೇರು ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಮುಂದೇನಾಯಿತು ಅಂದರೆ, 2021ರ ನವೆಂಬರ್‌ನ ಎತ್ತರದಿಂದ 2023ರ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಬಿತ್ತು. ಒಳ್ಳೆಯ ಫಂಡ್‌ನ ಕಥೆಯೇ ಇದು, ನೆನಪಿರಲಿ.

ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಸ್ಕಾಟಿಷ್ ಮಾರ್ಟ್‌ಗೇಜ್ ಅನ್ನುವುದು ಷೇರುಪೇಟೆಯಲ್ಲಿ ಲಿಸ್ಟ್ ಆದ ಟ್ರಸ್ಟ್. ಹೂಡಿಕೆದಾರರು ಹೆದರಿ ಹೊರಗೆ ಹೋಗಬೇಕೆಂದರೆ ತಮ್ಮ ಷೇರನ್ನು ಇನ್ನೊಬ್ಬರಿಗೆ ಮಾರುತ್ತಾರೆ ಅಷ್ಟೇ, ಮ್ಯಾನೇಜರ್ ಕೈಯಲ್ಲಿರುವ ಹಣ ಕರಗುವುದಿಲ್ಲ. ನಮ್ಮ ಓಪನ್ ಎಂಡೆಡ್ ಮ್ಯೂಚುವಲ್ ಫಂಡ್ ಹಾಗಲ್ಲ. ಜನ ಗುಂಪಾಗಿ ರಿಡೀಮ್ ಮಾಡಿದರೆ, ಅಂದರೆ ಫಂಡ್‌ನಿಂದಲೇ ಹಣ ವಾಪಸ್ ಕೇಳಿದರೆ, ಮ್ಯಾನೇಜರ್‌ಗೆ ಇಷ್ಟ ಇಲ್ಲದಿದ್ದರೂ ಷೇರು ಮಾರಿ ದುಡ್ಡು ಕೊಡಲೇಬೇಕು, ಅದೂ ಬೆಲೆ ಬಿದ್ದಿರುವ ಹೊತ್ತಿನಲ್ಲೇ.

ಅಮೆರಿಕದಲ್ಲಿ ಕ್ಯಾಥಿ ವುಡ್ ನಡೆಸುವ ಆರ್ಕ್ ಇನೋವೇಷನ್ ಫಂಡ್ ನೋಡಿ. 2020ರಲ್ಲಿ ಸುಮಾರು ಶೇ 150 ಏರಿತು, ಎಲ್ಲರ ಬಾಯಲ್ಲೂ ಅದೇ ಹೆಸರು. 2021ರಲ್ಲಿ ಶೇ 20ಕ್ಕಿಂತ ಜಾಸ್ತಿ ಇಳಿಯಿತು, 2022ರಲ್ಲಿ ಮತ್ತೆ ಸುಮಾರು ಶೇ 67 ಇಳಿಯಿತು. 2020ರ ಜನವರಿಯಲ್ಲೇ, ಅಂದರೆ ಏರುವ ಮುಂಚೆಯೇ ಹಾಕಿದ್ದ 1 ಲಕ್ಷ ಕೂಡ 2022ರ ಕೊನೆಗೆ 65 ಸಾವಿರದೊಳಗೆ ಇಳಿದಿತ್ತು. ಶೇ 67 ಇಳಿದದ್ದು ಮೊದಲಿನ ಜಾಗಕ್ಕೆ ಬರಬೇಕೆಂದರೆ ಉಳಿದದ್ದು ಮೂರು ಪಟ್ಟಾಗಬೇಕು. ಹಿಂದಿನ ವರ್ಷದ ರಿಟರ್ನ್ ನೋಡಿ ಫಂಡ್ ಆರಿಸುವವರು ದಯವಿಟ್ಟು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ.

ಹಾಗಾದರೆ ಆರಿಸುವುದು ಹೇಗೆ? ಫಂಡ್‌ನ ಫ್ಯಾಕ್ಟ್‌ಶೀಟ್, ಅಂದರೆ ಫಂಡ್ ಸಂಸ್ಥೆ ಹೊರಡಿಸುವ ಮಾಹಿತಿ ಪತ್ರ, ತೆರೆಯಿರಿ. ಇಲ್ಲಿ ಸಿಗುವ ಆಕ್ಟಿವ್ ವಿದೇಶಿ ಫಂಡ್‌ಗಳಲ್ಲಿ ಬಹಳಷ್ಟು ಫೀಡರ್ ಫಂಡ್‌ಗಳು, ಅಂದರೆ ನಿಮ್ಮ ಹಣ ತೆಗೆದುಕೊಂಡು ಹೊರದೇಶದ ಇನ್ನೊಂದು ಫಂಡ್‌ಗೆ ಹಾಕುವವು. ಹಾಗಾಗಿ ಇಲ್ಲಿನ ಫ್ಯಾಕ್ಟ್‌ಶೀಟ್‌ನಲ್ಲಿ ಹೋಲ್ಡಿಂಗ್ಸ್ (ಹಣ ಯಾವುದರಲ್ಲಿದೆ) ಅಂತ ಇರುವ ಕಡೆ ಹೆಚ್ಚುಕಡಿಮೆ ಒಂದೇ ಸಾಲು: ಮೂಲ ಫಂಡ್‌ನ ಹೆಸರು, ಎದುರಿಗೆ ಶೇ 97 ಅಥವಾ 98, ಉಳಿದದ್ದು ನಗದು. ಅಲ್ಲಿಗೇ ನಿಲ್ಲಬೇಡಿ. ಆ ಮೂಲ ಫಂಡ್‌ನ ಹೆಸರು ಹಾಕಿ ಹುಡುಕಿ, ಅದರ ಫ್ಯಾಕ್ಟ್‌ಶೀಟ್‌ನಲ್ಲಿ ಮೊದಲ ಹತ್ತು ಕಂಪನಿ ಯಾವುವು ನೋಡಿ, ಪಕ್ಕದಲ್ಲಿ ಅಮೆರಿಕದ ನ್ಯಾಸ್‌ಡ್ಯಾಕ್ ಪೇಟೆಯ ದೊಡ್ಡ ಕಂಪನಿಗಳ ಇಂಡೆಕ್ಸ್ ಆದ ನ್ಯಾಸ್‌ಡ್ಯಾಕ್ 100ರ ಮೊದಲ ಹತ್ತನ್ನು ಇಟ್ಟುಕೊಳ್ಳಿ. ಎನ್ವಿಡಿಯಾ, ಮೈಕ್ರೋಸಾಫ್ಟ್, ಆಪಲ್, ಅಮೆಜಾನ್ ಅಂತ ಏಳೆಂಟು ಹೆಸರು ಒಂದೇ ಆಗಿದ್ದರೆ, ಇಂಡೆಕ್ಸ್‌ನಲ್ಲಿ ಕಡಿಮೆ ದುಡ್ಡಿಗೆ ಸಿಗುವುದಕ್ಕೇ ಇಲ್ಲಿ ಜಾಸ್ತಿ ಶುಲ್ಕ ಕೊಡುತ್ತಿದ್ದೀರಿ. ಆಮೇಲೆ ಐದು ವರ್ಷದ ಹಿಂದಿನ ಅದೇ ಫಂಡ್‌ನ ವರದಿ ಸಿಕ್ಕರೆ ಅದನ್ನೂ ತೆಗೆಯಿರಿ. ಆಗಿದ್ದ ಹತ್ತರಲ್ಲಿ ಈಗ ಎಷ್ಟು ಉಳಿದಿವೆ? 'ನಾವು ದೀರ್ಘಾವಧಿಯವರು' ಅಂತ ಹೇಳಿಕೊಳ್ಳುವ ಫಂಡ್‌ನಲ್ಲಿ ಒಂದೋ ಎರಡೋ ಮಾತ್ರ ಉಳಿದಿದ್ದರೆ ಆ ಮಾತಿಗೂ ಅವರು ಮಾಡುವ ಕೆಲಸಕ್ಕೂ ತಾಳೆಯಾಗಲಿಲ್ಲ. ಮ್ಯಾನೇಜರ್ ಬದಲಾಗಿದ್ದಾರಾ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ಖರ್ಚಿನ ವಿಷಯ. ಫೀಡರ್ ಫಂಡ್ ಅಂದರೆ ಎರಡು ಕಡೆ ಶುಲ್ಕ, ಇಲ್ಲಿನದು ಮತ್ತು ಮೂಲ ಫಂಡ್‌ನದು. ಎರಡನ್ನೂ ಕೂಡಿಸಿ ನೋಡಿ. 1 ಲಕ್ಷ ರೂಪಾಯಿ ವರ್ಷಕ್ಕೆ ಶೇ 12ರಂತೆ 20 ವರ್ಷ ಬೆಳೆದರೆ ಸುಮಾರು 9.65 ಲಕ್ಷ. ಶುಲ್ಕಕ್ಕೆ ಒಂದೂವರೆ ಹೋಗಿ ಶೇ 10.5 ಮಾತ್ರ ಉಳಿದರೆ ಸುಮಾರು 7.37 ಲಕ್ಷ. ಏಜೆಂಟ್ ಇಲ್ಲದೆ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್ ತೆಗೆದುಕೊಂಡರೆ ಕಮಿಷನ್‌ಗೆ ಹೋಗುವ ದುಡ್ಡಾದರೂ ಉಳಿಯುತ್ತದೆ.

ಹಾಕುವ ಮುಂಚೆ ಫಂಡ್ ತೆರೆದಿದೆಯಾ ಅಂತಲೂ ನೋಡಿ. ಭಾರತದ ಎಲ್ಲ ಮ್ಯೂಚುವಲ್ ಫಂಡ್‌ಗಳೂ ಸೇರಿ ವಿದೇಶದಲ್ಲಿ ಹೂಡಲು 700 ಕೋಟಿ ಡಾಲರ್ ಮಿತಿ ಇಟ್ಟಿದ್ದಾರೆ. 2022ರ ಶುರುವಿನಲ್ಲಿ ಆ ಮಿತಿ ಮುಟ್ಟುವಂತಾದಾಗ ಫಂಡ್‌ನವರು ಹೊಸ ಹಣ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು, ನಡೆಯುತ್ತಿದ್ದ ಎಸ್‌ಐಪಿಗಳೂ ನಿಂತವು. ಆಮೇಲೆ ಜಾಗ ಸಿಕ್ಕಷ್ಟು ತೆರೆಯುವುದು, ಮತ್ತೆ ಮುಚ್ಚುವುದು ನಡೆದಿದೆ. ಇದೇ ಕಾರಣಕ್ಕೆ ಇಲ್ಲಿ ಲಿಸ್ಟ್ ಆದ ಕೆಲವು ವಿದೇಶಿ ಇಟಿಎಫ್‌ಗಳು (ಷೇರಿನ ಹಾಗೆ ಪೇಟೆಯಲ್ಲಿ ಕೊಂಡು ಮಾರುವ ಫಂಡ್‌ಗಳು) ಒಳಗಿರುವ ಷೇರುಗಳ ಬೆಲೆಗಿಂತ ಜಾಸ್ತಿಗೆ ಮಾರಾಟವಾಗುತ್ತವೆ, ಆ ಹೆಚ್ಚುವರಿ ಕೊಟ್ಟು ಕೊಳ್ಳಬೇಡಿ.

ರೂಪಾಯಿ ಇಳಿದರೆ ಲಾಭ ಅಲ್ವಾ ಅಂತ ಕೇಳುವವರಿದ್ದಾರೆ. ಹೌದು. 2014ರ ಕೊನೆಯಲ್ಲಿ ಡಾಲರ್‌ಗೆ 63 ರೂಪಾಯಿ ಆಸುಪಾಸು ಇತ್ತು, 2024ರ ಕೊನೆಗೆ 85 ದಾಟಿತ್ತು, ವರ್ಷಕ್ಕೆ ಸುಮಾರು ಶೇ 3. ಆದರೆ ಇದು ಇಂಡೆಕ್ಸ್ ಫಂಡ್‌ನಲ್ಲೂ ಅಷ್ಟೇ ಸಿಗುತ್ತದೆ, ಇದರಲ್ಲಿ ಮ್ಯಾನೇಜರ್ ಕೈಚಳಕ ಏನೂ ಇಲ್ಲ.

ತೆರಿಗೆ ಸರಳ. 2025ರ ಏಪ್ರಿಲ್‌ನಿಂದ ಮಾರುವ ಇಂಥ ವಿದೇಶಿ ಷೇರು ಫಂಡ್‌ಗಳಿಗೆ 24 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡಿದ್ದರೆ ಲಾಭದ ಮೇಲೆ ಶೇ 12.5, ಅದಕ್ಕಿಂತ ಮೊದಲೇ ತೆಗೆದರೆ ನಿಮ್ಮ ಸ್ಲ್ಯಾಬ್ ಪ್ರಕಾರ. ಇಲ್ಲಿನ ಷೇರು ಫಂಡ್‌ಗಳಿಗೆ ಇರುವ 1.25 ಲಕ್ಷದ ವಿನಾಯಿತಿ ಇವಕ್ಕಿಲ್ಲ.

ಕೊನೆಗೆ, ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ನಿಮ್ಮ ಕಂಪನಿ ಅಮೆರಿಕದ್ದಾಗಿದ್ದು ಆರ್‌ಎಸ್‌ಯು (ಸಂಬಳದ ಭಾಗವಾಗಿ ಕೊಡುವ ಕಂಪನಿ ಷೇರು) ಕೊಡುತ್ತಿದ್ದರೆ, ವಿದೇಶಿ ಗ್ರೋತ್ ಷೇರು ನಿಮ್ಮ ಹತ್ತಿರ ಈಗಾಗಲೇ ಇದೆ, ಸಂಬಳ ಬರುವುದೂ ಅದೇ ಕಂಪನಿಯಿಂದ. ಅದರ ಮೇಲೆ ಅದೇ ಟೆಕ್ ಷೇರುಗಳು ತುಂಬಿರುವ ಇನ್ನೊಂದು ಫಂಡ್ ಕೊಳ್ಳುವ ಬದಲು, ವೆಸ್ಟ್ ಆದ, ಅಂದರೆ ನಿಮ್ಮ ಕೈಗೆ ಬಂದ, ಷೇರಿನಲ್ಲಿ ಒಂದು ಭಾಗವನ್ನು ಆಗಾಗ ಮಾರಿ ಇಲ್ಲಿನ ಇಂಡೆಕ್ಸ್ ಫಂಡ್‌ಗೋ ಮನೆ ಸಾಲಕ್ಕೋ ಹಾಕುವುದೇ ಸರಿ ಅಂತ ನನಗೆ ಅನಿಸುತ್ತದೆ. ಮಾರದೆ ಉಳಿಸಿಕೊಂಡಿದ್ದನ್ನು ರಿಟರ್ನ್ ಸಲ್ಲಿಸುವಾಗ ವಿದೇಶಿ ಆಸ್ತಿಯ ಶೆಡ್ಯೂಲ್ ಎಫ್‌ಎ ಭಾಗದಲ್ಲಿ ತಪ್ಪದೇ ತೋರಿಸಿ.